ಕೀಲು ಕೂತ ಸದ್ದು

ಹಳೆಯ ಮಡಿಚುವ ಸೈಕಲ್ ಮಾರುವವರು ಅದನ್ನು ಒರೆಸಿ, ಬಿಚ್ಚಿ, ಸ್ಟ್ಯಾಂಡ್ ಹಾಕಿ ನಿಲ್ಲಿಸಿಕೊಂಡು ಕಾಯುತ್ತಿರುತ್ತಾರೆ. ಟಯರಿಗೆ ಅಂದೇ ಗಾಳಿ ಹೊಡೆಸಿರುತ್ತಾರೆ. ಚೈನಿಗೆ ಎಣ್ಣೆ ಬಿದ್ದಿರುತ್ತದೆ. ಈ ಸಿಂಗಾರಕ್ಕೆ ಮರುಳಾಗಬೇಡಿ. "ಒಂದ್ಸಲ ಮಡಿಚಿ ತೋರಿಸ್ತೀರಾ?" ಎಂದು ಕೇಳಿ, ಸುಮ್ಮನೆ ನಿಂತು ಅವರ ಕೈ ನೋಡಿ.

ಒಂದು ಬಗೆಯ ಕೈ ಮಾತಾಡುತ್ತಲೇ ಸೀಟಿನ ಲಿವರ್ ಬಿಚ್ಚಿ ಕೆಳಕ್ಕೆ ತಳ್ಳುತ್ತದೆ, ಹ್ಯಾಂಡಲ್ ಕೆಡವುತ್ತದೆ, ನಡುವಿನ ಕೀಲು ಬಿಡಿಸಿ ಮುಂದಿನ ಅರ್ಧವನ್ನು ಹಿಂದಿನ ಅರ್ಧದ ಮಗ್ಗುಲಿಗೆ ತಂದು ಮಲಗಿಸುತ್ತದೆ. ಕಣ್ಣು ಅತ್ತ ಹೋಗುವುದೇ ಇಲ್ಲ. ಅಂಥ ಸೈಕಲ್ಲಿನ ಕೀಲು ಸವೆದಿರಬಹುದು, ಆದರೆ ಅದರ ಆರೈಕೆ ನಡೆದಿದೆ. ಇನ್ನೊಂದು ಬಗೆಯ ಕೈ ಯಾವ ಲಿವರ್ ಮೊದಲು ಎಂದು ಹುಡುಕುತ್ತದೆ, ಎಳೆಯುತ್ತದೆ, ಕೆಂಪಾಗುತ್ತದೆ, ಕೊನೆಗೆ ಮಗನನ್ನು ಕೂಗುತ್ತದೆ. ಅಂಥ ಸೈಕಲ್ಲಿನ ಕೀಲು ಹೊಸದಾಗಿಯೇ ಉಳಿದಿರುತ್ತದೆ, ಮಿಕ್ಕಿದ್ದೆಲ್ಲ ಬಾಲ್ಕನಿಯ ಮಳೆಯಲ್ಲಿ ನೆಂದಿರುತ್ತದೆ. ನನಗೆ ಮೊದಲನೆಯ ಕೈಯವರೇ ಇಷ್ಟ. ಆದರೆ ಬೆಲೆ ಇಳಿಯುವುದು ಎರಡನೆಯವರ ಹತ್ತಿರ.

ನನ್ನ ಸೈಕಲ್ಲಿನ ಹುಡುಕಾಟ ಶುರುವಾದದ್ದು ಕಣಕಟ್ಟೆ ಹೋಬಳಿಯ ಒಂದು ತೆಂಗಿನ ತೋಟದಿಂದ. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ವಾಸ ಅಲ್ಲಿಯೇ. ತೋಟದಿಂದ ಬಸ್ಸು ಸಿಗುವ ಜಾಗಕ್ಕೆ 4 ಕಿ.ಮೀ. ಬಸ್ಸಿನಲ್ಲಿ ಅರಸೀಕೆರೆ, ಅರಸೀಕೆರೆಯಿಂದ ರೈಲು, ಯಶವಂತಪುರದಲ್ಲಿ ಇಳಿದರೆ ಮಗಳ ಮನೆಗೆ ಮತ್ತೆ 5 ಕಿ.ಮೀ. ದೊಡ್ಡ ಪ್ರಯಾಣದ ಮಟ್ಟಿಗೆ ಯಾವ ತಕರಾರೂ ಇಲ್ಲ. ಅರಸೀಕೆರೆ ಜಂಕ್ಷನ್ನು, ಹುಬ್ಬಳ್ಳಿ ಕಡೆಯಿಂದ ಬರುವ ಗಾಡಿ, ಹಾಸನ ಮೈಸೂರಿನ ಕಡೆ ಹೋಗುವ ಗಾಡಿ ಬಹುಪಾಲು ಅಲ್ಲಿ ನಿಲ್ಲುತ್ತವೆ. ತೊಂದರೆ ಇರುವುದು ಎರಡು ತುದಿಗಳಲ್ಲಿ. ಈ ತುದಿಯ ನಾಲ್ಕು, ಆ ತುದಿಯ ಐದು. ಎರಡೂ ಕಡೆ ಒಂದೇ ಸೈಕಲ್ ಇರಬೇಕಾದರೆ ಅದು ನನ್ನ ಜೊತೆ ಬಸ್ಸಿನ ಡಿಕ್ಕಿಯಲ್ಲೂ ರೈಲಿನ ಸೀಟಿನ ಹಿಂದೆಯೂ ಮುದುರಿಕೊಂಡು ಬರಬೇಕು.

ಆ ಸೈಕಲ್ಲಿಗೆ ಒಂದು ಮೋಟಾರನ್ನೂ ಕೂಡಿಸಬೇಕೆಂದು ಮೊದಲೇ ಎಣಿಸಿದ್ದೆ. ಮೋಟಾರು ಯಾಕೆ ಎಂದರೆ ಕೀಲುನೋವು. ಸೈಕಲ್ಲಿನದಲ್ಲ, ನನ್ನ ಮಂಡಿಯದು. ಜೊತೆಗೆ ಆಷಾಢದ ಗಾಳಿ. ನಮ್ಮ ಬಯಲುಸೀಮೆಯ ಆ ಗಾಳಿಗೆ ಎದುರಾಗಿ ತುಳಿದವರಿಗೇ ಗೊತ್ತು. ಇಳಿಜಾರಿನಲ್ಲೂ ಸೈಕಲ್ ನಿಂತುಬಿಡುತ್ತದೆ.

ನಮ್ಮ ಕಡೆ ಎತ್ತು ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ. ಎರಡಲ್ಲು, ನಾಲ್ಕಲ್ಲು, ಆರಲ್ಲು, ಬಾಯಿಗೂಡಿದ್ದು. ಆಮೇಲೆ ಸುಳಿ ನೋಡುತ್ತಾರೆ, ಗೊರಸು ಎತ್ತುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಕೊನೆಗೆ ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಅಪ್ಪನ ಜೊತೆ ಚಿಕ್ಕಂದಿನಲ್ಲಿ ಜಾತ್ರೆಗೆ ಹೋದಾಗ ನನಗೆ ಎತ್ತಿಗಿಂತ ಈ ನೋಡುವ ಕ್ರಮವೇ ಚೆಂದ ಕಾಣುತ್ತಿತ್ತು. ಕೊಳ್ಳಲು ದುಡ್ಡಿಲ್ಲದವರೂ ಎತ್ತಿನ ಮೈ ಸವರಿ, ಹೆಗಲು ಒತ್ತಿ, ತಲೆದೂಗಿ ಮುಂದಕ್ಕೆ ಹೋಗುತ್ತಿದ್ದರು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ನಾನು ಸೈಕಲ್ ನೋಡಿದ್ದು ಇದೇ ಬಗೆಯಲ್ಲಿ. 2020ರ ಲಾಕ್‌ಡೌನಿನಲ್ಲಿ ಹುಮ್ಮಸ್ಸಿನಿಂದ ಕೊಂಡ ಸೈಕಲ್ಲುಗಳು ಅಲ್ಲಿ ಧೂಳು ಹೊದ್ದು ಮಲಗಿವೆ. ಅವುಗಳಲ್ಲಿ ಮಡಿಚುವಂಥವೂ ಇವೆ.

ಮೊದಲು ಕಂಡದ್ದಕ್ಕೆ ಹೊಸ ಬಣ್ಣ ಬಳಿದಿತ್ತು. ಹಳೆಯ ಸೈಕಲ್ಲಿಗೆ ಹೊಸ ಬಣ್ಣ ಕಂಡರೆ ನಾನು ಹಿಂದೆ ಸರಿಯುತ್ತೇನೆ. ಗೀರು ಬಿದ್ದ ಹಳೆಯ ಬಣ್ಣವೇ ಒಳ್ಳೆಯದು, ಅದಕ್ಕೆ ಮುಚ್ಚಿಡಲು ಬರುವುದಿಲ್ಲ. ಕೀಲಿನ ಹತ್ತಿರ ಕೊಳವೆಗೂ ತಟ್ಟೆಗೂ ವೆಲ್ಡಿಂಗ್ ಆದ ಕಡೆ ಉಗುರು ಎಳೆದೆ. ಬಣ್ಣದ ಕೆಳಗೆ ಕೂದಲಿನಂಥ ಒಂದು ಗೆರೆ ಉಗುರಿಗೆ ಸಿಕ್ಕಿತು. ಬಿರುಕು ಕಣ್ಣಿಗಿಂತ ಮೊದಲು ಉಗುರಿಗೆ ಸಿಗುತ್ತದೆ. ಮಾರುವವರು ಅದು ಬಣ್ಣದ ಗೆರೆ ಎಂದರು. ಇರಬಹುದು. ಕೈಮುಗಿದು ಬಂದೆ.

ಕೀಲು ಎಂಬ ಮಾತಿಗೆ ಕನ್ನಡದಲ್ಲಿ ಎಷ್ಟು ಮನೆ! ಬಾಗಿಲಿಗೆ ಕೀಲು, ಮೈಗೆ ಕೀಲು, ಕೀಲುಗೊಂಬೆ, ಕೀಲುಕುದುರೆ. ಎತ್ತಿನ ಗಾಡಿಯ ಚಕ್ರ ಅಚ್ಚಿನಿಂದ ಕಳಚದಂತೆ ತುದಿಗೆ ಹೊಡೆಯುವ ಕಡಾಣಿಯೂ ಒಂದು ಬಗೆಯ ಕೀಲೇ. ಎಲ್ಲ ಕಡೆಯೂ ಅದರ ಎರಡು ಕೆಲಸಗಳು ಒಂದಕ್ಕೊಂದು ವಿರುದ್ಧ: ಅಲುಗಾಡಬೇಕಾದಾಗ ಅಲುಗಾಡಬೇಕು, ಅಲುಗಾಡಬಾರದಾಗ ಕಲ್ಲಾಗಬೇಕು. ಸಾಮಾನ್ಯ ಸೈಕಲ್ಲಿನ ಚೌಕಟ್ಟಿಗೆ ಈ ಇಕ್ಕಟ್ಟಿಲ್ಲ, ಅದು ಹುಟ್ಟಿನಿಂದ ಸಾವಿನ ತನಕ ಒಂದೇ. ಮಡಿಚುವ ಸೈಕಲ್ಲನ್ನು ಮಾತ್ರ ನಟ್ಟನಡುವೆ, ಸವಾರನ ಭಾರವೆಲ್ಲ ಹಾದುಹೋಗುವ ಜಾಗದಲ್ಲಿ, ಬೇಕೆಂದೇ ಕತ್ತರಿಸಿ ಮತ್ತೆ ಜೋಡಿಸಿರುತ್ತಾರೆ. ಹಾಗೆ ಜೋಡಿಸಿದ ಜಾಗದಲ್ಲಿ ಎರಡು ದಪ್ಪ ತಟ್ಟೆಗಳು, ಒಂದು ಬದಿಗೆ ಸರಳು, ಇನ್ನೊಂದು ಬದಿಗೆ ಲಿವರ್, ಲಿವರ್ ತಾನಾಗಿ ಬಿಚ್ಚದಂತೆ ಒಂದು ಚಿಕ್ಕ ಚಿಲಕ. ಒಳ್ಳೆಯ ಕೀಲಿನಲ್ಲಿ ತಟ್ಟೆಗಳು ಕೂಡಿದಾಗ ನಡುವೆ ಬೆಳಕು ಕಾಣುವುದಿಲ್ಲ. ಲಿವರ್ ಅರ್ಧ ದಾರಿಯ ತನಕ ಸಲೀಸಾಗಿ ಬಂದು ಆಮೇಲೆ ಬಿಗಿಯಾಗುತ್ತದೆ. ಅಂಗೈಯಿಂದ ಒತ್ತಿ ಮುಚ್ಚಬೇಕು, ಬೆರಳಿನಿಂದ ಆಗಬಾರದು. ಮುಚ್ಚಿದಾಗ ಬರುವ ಸದ್ದು ಹಳೆಯ ಮನೆಯ ಬಾಗಿಲಿಗೆ ಅಗುಳಿ ಬಿದ್ದ ಹಾಗೆ ಗಟ್ಟಿಯಾಗಿ, ಒಂದೇ ಸಲ ಕೇಳಬೇಕು. ‘ಟಕ್‌ಟಕ್’ ಎಂದು ಎರಡು ಸಲ ಕೇಳಿದರೆ ಒಳಗೆ ಸವೆತ ಇದೆ.

ನನ್ನದೇ ಒಂದು ಪರೀಕ್ಷೆ ಇದೆ. ಜೇಬಿನಲ್ಲಿ ಬಸ್ಸಿನ ಟಿಕೆಟ್ ಇರುತ್ತದಲ್ಲ, ಅದನ್ನು ಉದ್ದಕ್ಕೆ ಹರಿದು ಒಂದು ಎಳೆಯನ್ನು ತಟ್ಟೆಗಳ ನಡುವೆ ಇಟ್ಟು ಲಿವರ್ ಮುಚ್ಚಿ. ಎಳೆದರೆ ಚೀಟಿ ಹರಿಯಬೇಕು. ಜಾರಿ ಹೊರಗೆ ಬಂದರೆ ಆ ಜಾಗದಲ್ಲಿ ಹಿಡಿತ ಇಲ್ಲ. ಮೇಲೆ, ಕೆಳಗೆ, ಎಡ, ಬಲ ನಾಲ್ಕೂ ಕಡೆ ಮಾಡಿ ನೋಡಿ. ಲಿವರಿನ ಬಿಗಿ ಹೊಂದಿಸುವ ನಟ್ಟು ತಿರುಗಿಸಿದ ಮೇಲೂ ಜಾರಿದರೆ ಬಿಟ್ಟುಬಿಡಿ. ಆಮೇಲೆ ಮುಂದಿನ ಬ್ರೇಕ್ ಒತ್ತಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳನ್ನು ಸಂದಿನ ಮೇಲೆ ಅಡ್ಡ ಇಟ್ಟು, ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ತೂಗಿ. ಕಣ್ಣಿಗೆ ಏನೂ ಕಾಣುವುದಿಲ್ಲ. ಹೆಬ್ಬೆರಳಿಗೆ ಮಾತ್ರ ತಿಳಿಯುತ್ತದೆ, ಎರಡು ತಟ್ಟೆಗಳು ಒಂದರ ಮೇಲೊಂದು ಕೂದಲೆಳೆಯಷ್ಟು ಜರುಗುತ್ತಿವೆಯೋ ಇಲ್ಲವೋ ಎಂದು. ಹ್ಯಾಂಡಲ್ ಕಂಬದ ಬುಡದ ಕೀಲಿಗೂ ಇದೇ ಮರ್ಯಾದೆ. ಅದು ಉದ್ದದ ಕಂಬ, ಬುಡದಲ್ಲಿ ಕೂದಲಷ್ಟು ಸಡಿಲವಿದ್ದರೆ ಕೈಯಲ್ಲಿ ಬೆರಳಷ್ಟು ಅಲ್ಲಾಡುತ್ತದೆ.

ಇಷ್ಟು ಚಿಕ್ಕ ಚಕ್ರದ ಸೈಕಲ್ ದೊಡ್ಡವರಿಗೂ ಸಲ್ಲುತ್ತದೆ ಎಂದು ಜಗತ್ತನ್ನು ಒಪ್ಪಿಸಿದವರು ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್, 1962ರಲ್ಲಿ. ಅವರ ಸೈಕಲ್ ಮಡಿಚುತ್ತಿರಲಿಲ್ಲ, ಆದರೆ ಚಿಕ್ಕ ಚಕ್ರದ ಕುಲುಕಾಟವನ್ನು ತಡೆಯಲು ರಬ್ಬರಿನ ಸಸ್ಪೆನ್ಷನ್ ಇತ್ತು. ಅಮೆರಿಕದಲ್ಲಿ ಡೇವಿಡ್ ಹಾನ್ ಎಂಬ ಭೌತವಿಜ್ಞಾನಿ ಎಪ್ಪತ್ತರ ದಶಕದ ಪೆಟ್ರೋಲ್ ಅಭಾವ ಕಂಡು ಮಡಿಚುವ ಸೈಕಲ್ ಕಟ್ಟಲು ಕೂತರು. 1982ರಲ್ಲಿ ಡಾಹನ್ ಕಂಪನಿ ಆಯಿತು. ಇವತ್ತು ಪೇಟೆಯಲ್ಲಿ ಕಾಣುವ 20 ಇಂಚಿನ, ನಡು ಮುರಿದು ಮಡಿಚುವ ಬಹುಪಾಲು ಸೈಕಲ್ಲುಗಳ ಮನೆತನ ಇದೇ. ಲಂಡನ್ನಿನಲ್ಲಿ ಆಂಡ್ರ್ಯೂ ರಿಚಿ ಎಂಬ ಎಂಜಿನಿಯರ್ ಎಪ್ಪತ್ತರ ದಶಕದ ನಡುವಿನಲ್ಲಿ ತಮ್ಮ ಮನೆಯ ಕೋಣೆಯಲ್ಲೇ ಇನ್ನೊಂದು ಬಗೆ ಕಂಡುಹಿಡಿದರು. ಹಿಂದಿನ ಚಕ್ರ ಹೊಟ್ಟೆಯಡಿಗೆ ಮಗುಚಿಕೊಳ್ಳುತ್ತದೆ, ಮುಂದಿನದು ಪಕ್ಕಕ್ಕೆ ಬಂದು ಸೇರುತ್ತದೆ, ಎಣ್ಣೆಯ ಚೈನು ಎರಡು ಚಕ್ರಗಳ ನಡುವೆ ಅಡಗುತ್ತದೆ. ಎತ್ತಿಕೊಂಡವರ ಪಂಚೆಗೆ ಮಸಿ ತಾಗುವುದಿಲ್ಲ. ಎದುರಿಗಿದ್ದ ಬ್ರಾಂಪ್ಟನ್ ಚರ್ಚಿನ ಹೆಸರನ್ನೇ ಅದಕ್ಕೆ ಇಟ್ಟರು.

ಬ್ರಾಂಪ್ಟನ್ ಒಂದನ್ನು ನಾನು ನೋಡಿದೆ. ವಿದೇಶದಿಂದ ತಂದದ್ದು, ಮಾರುವವರು ಮೊದಲನೆಯ ಬಗೆಯ ಕೈಯವರು. ಅವರು ಅದನ್ನು ಮಡಿಚಿದ್ದನ್ನು ನಾನು ಮೂರು ಸಲ ನೋಡಿದೆ, ನಾಲ್ಕನೆಯ ಸಲ ಕೇಳಲು ನಾಚಿಕೆಯಾಯಿತು. ಆದರೆ ಅದರ ಮುಂದಿನ ಫೋರ್ಕಿನ ಎರಡು ಕಾಲುಗಳ ನಡುವೆ ಇರುವುದು 74 ಮಿ.ಮೀ. ಮುಂದಿನ ಚಕ್ರದ ನಡುವೆ ಕೂರುವ ಸಾಮಾನ್ಯ ಮೋಟಾರಿಗೆ ಬೇಕಾದದ್ದು 100. ಅದಕ್ಕೆಂದೇ ಮಾಡಿದ ಕಿರಿದಾದ ಮೋಟಾರುಗಳು ಇವೆ, ನಿಜ. ಚಕ್ರವೂ ಬೇರೆ ಅಳತೆ, 16 ಇಂಚು ಎಂದರೂ ರಿಮ್ಮಿನ ವ್ಯಾಸ 349 ಮಿ.ಮೀ.; ಮಕ್ಕಳ ಸೈಕಲ್ಲಿನ 16 ಇಂಚಿನದು 305. ಅರಸೀಕೆರೆಯ ಯಾವ ಅಂಗಡಿಯಲ್ಲಿ 349ರ ಟಯರ್ ಹುಡುಕಲಿ? ಇವೆಲ್ಲ ನಾನು ಮಾರುವವರಿಗೆ ಹೇಳಿದ ಕಾರಣಗಳು. ನಿಜವಾದ ಕಾರಣ ಬೇರೆ. ಅಷ್ಟು ಯೋಚಿಸಿ ಕಟ್ಟಿದ ವಸ್ತುವಿಗೆ ಅರ ಹಾಕಿ ಉಜ್ಜಿ, ವೈರು ಸುತ್ತಿ, ಡಬ್ಬಿ ತೂಗುಹಾಕಲು ಮನಸ್ಸು ಬರಲಿಲ್ಲ. ಕೆಲವು ಸೈಕಲ್ಲುಗಳನ್ನು ತುಳಿಯಬೇಕು ಅಷ್ಟೇ.

ಮೋಟಾರು ಹಾಕಲು ಬೇಕಾದದ್ದು ಸುಂದರಿಯಲ್ಲ, ಗಟ್ಟಿಗಿತ್ತಿ. ಅದನ್ನು ಪತ್ತೆಹಚ್ಚಲು ಹಳೆಯ ರೇಡಿಯೊದ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತ ಜೇಬಿನಲ್ಲಿತ್ತು. ಚೌಕಟ್ಟಿಗೆ ಅಂಟಿದರೆ ಉಕ್ಕು, ಜಾರಿದರೆ ಅಲ್ಯುಮಿನಿಯಂ. ಕಂಪನಿಯ ಚೀಟಿ ಸುಳ್ಳಾಡಬಹುದು, ಅಯಸ್ಕಾಂತ ಆಡುವುದಿಲ್ಲ. ಅಲ್ಯುಮಿನಿಯಂ ಹಗುರ, ತುಕ್ಕು ಹಿಡಿಯುವುದಿಲ್ಲ, ಎಲ್ಲ ಸರಿ. ಆದರೆ ಮೋಟಾರಿನ ಹಟ ಒಂದಿದೆ. ಚಕ್ರದ ನಡುವೆಯೇ ಕೂರುವ ಹಬ್ ಮೋಟಾರಿನಲ್ಲಿ ಚಕ್ರ ಮುಂದಕ್ಕೆ ತಿರುಗಲು ಹೊರಟಾಗ ನಡುವಿನ ಅಚ್ಚು ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆಯುವುದು ಅಚ್ಚು ಕೂರುವ ಎರಡು ಸೀಳುಗಳು ಮಾತ್ರ. ಮೋಟಾರಿನ ಅಚ್ಚು 12 ಮಿ.ಮೀ., ಅದರ ಎರಡು ಬದಿ ಚಪ್ಪಟೆ ಮಾಡಿ 10ಕ್ಕೆ ಇಳಿಸಿರುತ್ತಾರೆ. ಹಿಂದಿನ ಸೀಳು 10 ಮಿ.ಮೀ. ಇರುತ್ತದೆ, ಹೊಂದಿಕೊಳ್ಳುತ್ತದೆ. ಮುಂದಿನದು 9, ಅರ ಹಾಕಿ ಸವೆಸಬೇಕು. ಉಕ್ಕಿನ ಸೀಳು ಹೆಚ್ಚು ಬಲಕ್ಕೆ ಬಾಗುತ್ತದೆ, ಬಾಗಿ ಎಚ್ಚರಿಸುತ್ತದೆ. ಅಲ್ಯುಮಿನಿಯಮ್ಮಿನದು ಹೇಳದೆ ಕೇಳದೆ ಸೀಳುತ್ತದೆ. ಮುಂದಿನ ಚಕ್ರದಲ್ಲಿ ಹಾಗಾದರೆ ಏನಾಗುತ್ತದೆ ಎಂದು ಬರೆಯುವುದು ಬೇಡ. ಯಾವ ಚಕ್ರಕ್ಕೇ ಹಾಕಿ, ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿಯನ್ನು ಅಚ್ಚಿಗೆ ತೊಡಿಸಿ ಚೌಕಟ್ಟಿಗೆ ಬಿಗಿಯದೆ ರಸ್ತೆಗೆ ಇಳಿಯಬೇಡಿ.

ನಾನು ಹಿಂದಿನ ಚಕ್ರವೇ ಎಂದು ನಿಶ್ಚಯಿಸಿದ್ದೆ. ನಮ್ಮ ತೋಟದ ದಾರಿ ಜಲ್ಲಿ, ನೊರಜು, ಮಳೆ ಬಂದರೆ ಕೆಂಪು ಕೆಸರು. ಮುಂದಿನ ಚಕ್ರದ ಮೇಲೆ ಭಾರ ಕಡಿಮೆ. ಮೋಟಾರು ಅಲ್ಲಿದ್ದರೆ ಏರಿನಲ್ಲಿ ಗಿರ್ರನೆ ಸುತ್ತುತ್ತದೆ, ಸೈಕಲ್ ನಿಂತಲ್ಲೇ ಇರುತ್ತದೆ. ಹಾಗಾಗಿ ಅಳತೆಪಟ್ಟಿ ಹಿಡಿದು ಹಿಂದಿನ ಎರಡು ಸೀಳುಗಳ ನಡುವೆ 135 ಮಿ.ಮೀ. ಇರುವ ಸೈಕಲ್ಲನ್ನೇ ಹುಡುಕಿದೆ. 130 ಇದ್ದ ಒಂದು ಉಕ್ಕಿನದೂ ಸಿಕ್ಕಿತ್ತು, ಸ್ವಲ್ಪ ಅಗಲಿಸಿದರೆ ಆಗುತ್ತಿತ್ತು. ಆದರೆ ಅದರ ಸೀಟಿನ ಕೊಳವೆಯ ಮೇಲೆ ಉದ್ದುದ್ದ ಗೀರು. ಎಷ್ಟು ಬಿಗಿದರೂ ಸೀಟು ಮೆಲ್ಲಗೆ ಇಳಿಯುತ್ತದೆ ಎಂದು ಅದರ ಅರ್ಥ. ಬಿಟ್ಟೆ.

ಕೊನೆಗೆ ಒಲಿದದ್ದು ಎರಡನೆಯ ಬಗೆಯ ಕೈಯವರ ಹತ್ತಿರ. ಕಡುನೀಲಿ, ಉಕ್ಕಿನದು, 20 ಇಂಚಿನ ಚಕ್ರ, ಟಯರಿನ ಪಕ್ಕದಲ್ಲಿ 47-406 ಎಂಬ ಅಚ್ಚು. ಆ 406 ಕಂಡ ಕೂಡಲೇ ಅರ್ಧ ಮನಸ್ಸು ಮಾಡಿದ್ದೆ. ಮಕ್ಕಳ 20 ಇಂಚಿನ ದಪ್ಪ ಟಯರಿನ ಸೈಕಲ್ಲಿಗೂ ಅದೇ ಅಳತೆ, ಯಾವ ಪೇಟೆಯಲ್ಲಾದರೂ ಟ್ಯೂಬು ಸಿಗುತ್ತದೆ. 20 ಇಂಚಿನಲ್ಲೇ 451 ಎಂಬ ತೆಳ್ಳಗಿನ ಇನ್ನೊಂದು ಜಾತಿ ಇದೆ, ಓಡಲು ಚೆಂದ, ಪಂಕ್ಚರ್ ಆದರೆ ಗತಿಯಿಲ್ಲ. ಕೀಲು ಹೊಚ್ಚ ಹೊಸದು, ಚೀಟಿ ನಾಲ್ಕೂ ಕಡೆ ಹರಿಯಿತು. ಚೈನು ತುಕ್ಕು, ಬ್ರೇಕಿನ ಕೇಬಲ್ಲು ಬಿಗಿದುಕೊಂಡಿತ್ತು, ಸೀಟಿಗೆ ಬೆಕ್ಕು ಪರಚಿತ್ತು. ಅವೆಲ್ಲ ಬಿಡಿ, ಹೊಸದು ಹಾಕಬಹುದು. ಬಿಲ್ಲು ಕೇಳಿದೆ. ಪೆಡಲ್ ಬುಡದ ಕೆಳಗೆ ಕೊರೆದ ನಂಬರನ್ನೂ ಬಿಲ್ಲನ್ನೂ ತಾಳೆ ನೋಡಿದೆ. ಕಳವಿನ ಮಾಲು ಎಷ್ಟು ಸೊಗಸಾಗಿದ್ದರೂ ಮುಟ್ಟಬಾರದು. 9,000 ಹೇಳಿದರು, 6,500ಕ್ಕೆ ಬಂದರು. ಟವೆಲ್ ಇರಲಿಲ್ಲ, ಬೆರಳೂ ಹಿಡಿಯಲಿಲ್ಲ, ಫೋನಿನಲ್ಲೇ ದುಡ್ಡು ಹೋಯಿತು.

ರೈಲಿನಿಂದ ಅರಸೀಕೆರೆಯಲ್ಲಿ ಇಳಿದಾಗ ಬಸ್ಸಿಗೆ ಇನ್ನೂ ಹೊತ್ತಿತ್ತು. ಸೈಕಲ್ ಬಿಚ್ಚಿ ಈಶ್ವರ ದೇವಸ್ಥಾನದ ಕಡೆ ಹೋದೆ. 1220ರ ಸುಮಾರಿನ ಹೊಯ್ಸಳ ಕಟ್ಟಡ. ಬೇಲೂರು ಹಳೇಬೀಡಿಗೆ 2023ರಲ್ಲಿ ಯುನೆಸ್ಕೊ ಪಟ್ಟ ಬಂತು, ಬಸ್ಸುಗಟ್ಟಲೆ ಜನ ಅತ್ತ ಹೋಗುತ್ತಾರೆ. ಅರಸೀಕೆರೆಯ ಈ ಗುಡಿಯ ಮುಂದೆ ನಕ್ಷತ್ರದ ಆಕಾರದ ಒಂದು ತೆರೆದ ಮಂಟಪ ಇದೆ, ಹದಿನಾರು ಮೂಲೆಯದು. ಸಂಜೆ ಹೊತ್ತು ನಾನೊಬ್ಬನೇ ಇರುತ್ತೇನೆ. ಹೊಯ್ಸಳರ ತಿರುಗಣೆಯ ಕಂಬಗಳ ಬಗ್ಗೆ ಹೇಳುವಾಗ ಎಲ್ಲರೂ ಹೊಳಪಿನ ಮಾತಾಡುತ್ತಾರೆ. ನನಗೆ ಹಿಡಿಸುವುದು ಅವುಗಳ ನೇರ. ಒಂದು ಕಣ್ಣು ಮುಚ್ಚಿ ಕಂಬದ ಬಳೆಗಳನ್ನು ಮೇಲಿನಿಂದ ಕೆಳಗೆ ನೋಡುತ್ತ ಬಂದರೆ ಒಂದು ಬಳೆಯೂ ನಡುಗೆರೆ ಬಿಟ್ಟು ಸರಿದಿಲ್ಲ. ಸೈಕಲ್ಲನ್ನು ಹೊರಗೆ ಸಮತಟ್ಟಾದ ಕಡೆ ನಿಲ್ಲಿಸಿ, ಹತ್ತು ಹೆಜ್ಜೆ ಹಿಂದೆ ಬಂದು ಕುಕ್ಕರುಗಾಲಲ್ಲಿ ಕೂತು, ಅದೇ ಒಂದು ಕಣ್ಣಿನಲ್ಲಿ ನೋಡಿದೆ. ಹಿಂದಿನ ಟಯರಿನ ನೆತ್ತಿಯ ಗೆರೆ ಮುಂದಿನ ಟಯರಿನ ಗೆರೆಯ ಮೇಲೆ ಕೂತಿತ್ತು. ಕೊಳ್ಳುವ ಮೊದಲೇ ನೆಲಮಾಳಿಗೆಯಲ್ಲಿ ಹೀಗೆ ನೋಡಿದ್ದೆ; ಆದರೂ ಆ ಕಂಬಗಳನ್ನು ನೋಡಿದ ಕಣ್ಣಿಂದ ಇನ್ನೊಮ್ಮೆ ನೋಡಬೇಕೆನ್ನಿಸಿತು.

ಊರಿನ ಕಡೆ ಬಸ್ಸಿನಿಂದ ಇಳಿಸಿದಾಗ ಸೈಕಲ್ ಷಾಪಿನ ಯಜಮಾನರು ಎದುರಾದರು. "ಏನ್ ಮೇಷ್ಟ್ರೆ, ಇದು ಮುರ್ದೋಗೈತಾ?" ಎಂದರು. ಮಡಿಚಿರೋದು ಅಂದೆ. ಬಿಚ್ಚಿ ನಿಲ್ಲಿಸಿ ಲಿವರ್ ಒತ್ತಿದೆ. ಆ ಸದ್ದು ಕೇಳಿ ಅವರ ಮುಖ ಬದಲಾಯಿತು. ತಾವೇ ಒಂದು ಸಲ ಬಿಚ್ಚಿ, ಮತ್ತೆ ಮುಚ್ಚಿ, "ಗಟ್ಟಿ ಐತೆ ಕಣ್ರಿ" ಎಂದರು. ನಲವತ್ತು ವರ್ಷ ಹಬ್ಬಿನ ಗುಂಡು, ಕೋನು, ಕಡ್ಡಿಗಳ ನಡುವೆ ಕಳೆದವರ ಮಾತು. ಆ ದಿನಕ್ಕೆ ನನಗೆ ಅದೇ ಸರ್ಟಿಫಿಕೇಟು.

ಮೋಟಾರಿನ ಚಕ್ರ ಕಟ್ಟಿದ್ದೂ ಅವರೇ. ತರಿಸಿದ್ದು 36 ವೋಲ್ಟ್, 250 ವ್ಯಾಟಿನ ಗೇರಿರುವ ಹಬ್ಬು. ಒಳಗೆ ಮೂರು ನೈಲಾನ್ ಹಲ್ಲುಚಕ್ರ. ತುಳಿಯುವುದು ನಿಲ್ಲಿಸಿದರೆ ತಾನಾಗಿ ಕಳಚಿಕೊಂಡು ಸೈಕಲ್ಲನ್ನು ಹಗುರಾಗಿ ಓಡಲು ಬಿಡುತ್ತದೆ. ಮೊದಲ ಸಲ ಬಂದ ಮೋಟಾರನ್ನು ನಾನು ವಾಪಸ್ಸು ಕಳಿಸಬೇಕಾಯಿತು, ಅದು ನನ್ನದೇ ಅವಸರ. ಲೆಕ್ಕ ಹೀಗಿದೆ: 26 ಇಂಚಿನ ಚಕ್ರದ ಸುತ್ತಳತೆ ಎರಡು ಮೀಟರಿಗೆ ಸ್ವಲ್ಪ ಹೆಚ್ಚು, 20 ಇಂಚಿನದು ಒಂದೂವರೆ ಮೀಟರ್. ಗಂಟೆಗೆ 25 ಕಿ.ಮೀ. ಹೋಗಲು ದೊಡ್ಡದು ನಿಮಿಷಕ್ಕೆ 200 ಸುತ್ತು ಸುತ್ತಿದರೆ ಸಾಕು, ಚಿಕ್ಕದು 270 ದಾಟಬೇಕು. ನನಗೆ ಬಂದದ್ದು 26 ಇಂಚಿಗೆಂದು ಸುತ್ತಿದ ಮೋಟಾರು. ಚಿಕ್ಕ ಚಕ್ರದಲ್ಲಿ 18ರ ಮೇಲೆ ಏರುತ್ತಿರಲಿಲ್ಲ. ಏರು ಮಾತ್ರ ಆನೆಯ ಹಾಗೆ ಹತ್ತುತ್ತಿತ್ತು. ಈಗ ಯೋಚಿಸಿದರೆ ಇಟ್ಟುಕೊಂಡಿದ್ದರೂ ನಷ್ಟವಿರಲಿಲ್ಲ.

ಎರಡನೆಯ ಮೋಟಾರಿಗೆ ಕಡ್ಡಿ ಕಟ್ಟುವಾಗ ಯಜಮಾನರು ಅಭ್ಯಾಸದಂತೆ ಪ್ರತಿ ಕಡ್ಡಿಯನ್ನೂ ಬೇರೆ ಮೂರು ಕಡ್ಡಿಗಳಿಗೆ ಅಡ್ಡ ಹಾಯಿಸಿದರು. ದಪ್ಪ ಹಬ್ಬು, ಚಿಕ್ಕ ರಿಮ್ಮು. ಕಡ್ಡಿ ರಿಮ್ಮಿನ ತೂತಿಗೆ ಬರುವಾಗ ಓರೆಯಾಗಿ ಬಂದು ನಿಪ್ಪಲ್ಲಿನ ಕುತ್ತಿಗೆಯಲ್ಲಿ ಬಾಗಿತು. ಅವರು ಒಂದು ಕ್ಷಣ ನೋಡಿದರು. ಏನೂ ಹೇಳದೆ ಮೂವತ್ತಾರೂ ಕಡ್ಡಿ ಬಿಚ್ಚಿ, ಒಂದೇ ಅಡ್ಡಕ್ಕೆ ಮತ್ತೆ ಕಟ್ಟಿದರು. ಕಟ್ಟಿ ಮುಗಿದ ಮೇಲೆ ಬೆರಳಿನಿಂದ ಒಂದೊಂದೇ ಕಡ್ಡಿ ಮೀಟುತ್ತ ಹೋದರು. ತಂಬೂರಿ ಶ್ರುತಿ ಮಾಡುವವರು ಹೀಗೇ ಕಿವಿ ಓರೆ ಮಾಡುತ್ತಾರೆ. ಒಂದು ಕಡ್ಡಿ ಮಂದವಾಗಿ ನುಡಿಯಿತು, ಅದಕ್ಕೆ ಕಾಲು ಸುತ್ತು ಬಿಗಿ. ಆಮೇಲೆ ಎಲ್ಲವೂ ಒಂದೇ ದನಿ. ನನ್ನ ಇಡೀ ಸೈಕಲ್ ವ್ಯವಹಾರದಲ್ಲಿ ಅತಿ ಹೆಚ್ಚು ಖುಷಿ ಕೊಟ್ಟ ಅರ್ಧ ಗಂಟೆ ಅದು.

ಬ್ಯಾಟರಿ 36 ವೋಲ್ಟ್, 10 ಆಂಪಿಯರ್-ಗಂಟೆ. ಲೀಥಿಯಂ ಸೆಲ್ಲುಗಳನ್ನು ಹತ್ತು ಸಾಲಾಗಿ ಜೋಡಿಸಿದ್ದು. ತುಂಬಿದಾಗ 42 ವೋಲ್ಟ್ ತೋರಿಸುತ್ತದೆ. ಮಂಡಿಗೆ ತಕ್ಕಷ್ಟು ತುಳಿದರೆ ಮೂವತ್ತು ಕಿ.ಮೀ. ಹತ್ತಿರ ಬರುತ್ತದೆ. ಅದನ್ನು ಎಲ್ಲಿ ಇಡುವುದು ಎಂಬುದೇ ಮಡಿಚುವ ಸೈಕಲ್ಲಿನ ನಿಜವಾದ ಒಗಟು. ಚೌಕಟ್ಟಿನ ನಡುವೆ ಜಾಗ ಇಲ್ಲ, ಅಲ್ಲಿ ಕೀಲು. ಕ್ಯಾರಿಯರ್ ಮೇಲೆ ಇಟ್ಟರೆ, ಮೋಟಾರೂ ಹಿಂದೆ ಇರುವಾಗ, ಹಿಂಭಾರವಾಗಿ ಮುಂದಿನ ಚಕ್ರ ಏರಿನಲ್ಲಿ ಎದ್ದೇಳಲು ನೋಡುತ್ತದೆ. ನಾನು ಹ್ಯಾಂಡಲ್ಲಿನ ಮುಂದೆ ಒಂದು ಚೀಲ ಸಿಕ್ಕಿಸಿ ಅದರಲ್ಲಿ ಇಟ್ಟೆ. ಎರಡು ಕಡೆ ಭಾರ ಸಮ. ಇಳಿದಾಗ ಚೀಲ ಕಳಚಿ ಹೆಗಲಿಗೆ ಹಾಕಿಕೊಂಡರೆ ಬ್ಯಾಟರಿ ನನ್ನ ಜೊತೆ. ವೈರು ಎಳೆಯುವಾಗ ಒಂದು ಮಾತು: ಅದು ಕೀಲಿನ ಸರಳು ಇರುವ ಬದಿಯಲ್ಲೇ ಹಾಯಬೇಕು, ಅಲ್ಲಿ ಒಂದು ಸಣ್ಣ ಬಳುಕು ಬಿಟ್ಟರೆ ಸಾಕು. ಲಿವರಿನ ಬದಿಯಲ್ಲಿ ಹಾಯಿಸಿದರೆ ಮಡಿಚಿದ ಮೊದಲ ದಿನವೇ ಕಿತ್ತುಕೊಂಡು ಬರುತ್ತದೆ.

ತೂಕ ನೋಡಿದ್ದು ಕೊಬ್ಬರಿ ತೂಗುವ ಕಾಟಾದಲ್ಲಿ. ತಂದ ದಿನ 13.4 ಕೆ.ಜಿ., ಎಲ್ಲ ಸೇರಿದ ಮೇಲೆ 19.1. ಬ್ಯಾಟರಿ ಕಳಚಿದರೂ 16.7. ಬೆಂಗಳೂರಿನ ನಮ್ಮ ಮೆಟ್ರೊ 2022ರಲ್ಲಿ ಮಡಿಚುವ ಸೈಕಲ್ಲನ್ನು ಕೊನೆಯ ಬೋಗಿಯಲ್ಲಿ ಒಯ್ಯಲು ಒಪ್ಪಿತು, ಆದರೆ 15 ಕೆ.ಜಿ. ಒಳಗಿರಬೇಕು. ಹಾಗಾಗಿ ಯಶವಂತಪುರದಿಂದ ಮುಂದೆ ರಸ್ತೆಯೇ ನನಗೆ. ಕಾನೂನಿನ ಮಾತೂ ಇರಲಿ: ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ ಇದ್ದು, 25 ಕಿ.ಮೀ. ವೇಗಕ್ಕೆ ಅಥವಾ ತುಳಿಯುವುದು ನಿಂತಾಗ ಮೋಟಾರು ನಿಲ್ಲುವ ಸೈಕಲ್ಲನ್ನು ಕೇಂದ್ರದ ನಿಯಮ ಮೋಟಾರು ವಾಹನ ಎಂದು ಎಣಿಸುವುದಿಲ್ಲ. ಆದರೆ ಆ ವಿನಾಯಿತಿಗೆ ಪರೀಕ್ಷಾ ಸಂಸ್ಥೆಯ ಒಪ್ಪಿಗೆಯ ಷರತ್ತೂ ಇದೆ. ಮನೆಯಲ್ಲಿ ಜೋಡಿಸುವವರು ಇದನ್ನು ತಿಳಿದಿರುವುದು ಒಳ್ಳೆಯದು. ಕೈಯಲ್ಲಿ ತಿರುವುವ ಥ್ರಾಟಲ್ಲು ಕಿಟ್ಟಿನ ಜೊತೆ ಬಂದಿತ್ತು, ನಾನು ಹಾಕಿಸಲಿಲ್ಲ. ಪೆಡಲ್ ಬುಡದಲ್ಲಿ ಅಯಸ್ಕಾಂತದ ಬಿಲ್ಲೆ ಇದೆ. ಅರ್ಧ ಸುತ್ತು ತುಳಿದರೆ ಅದು ಗುರುತಿಸಿ ಮೋಟಾರಿಗೆ ಹೇಳುತ್ತದೆ. ಇನ್ನೊಂದು ಎತ್ತು ನೊಗಕ್ಕೆ ಹೆಗಲು ಕೊಟ್ಟ ಹಾಗೆ ಸೈಕಲ್ ಹಗುರಾಗುತ್ತದೆ. ‘ಗುಂಯ್’ ಎಂಬ ಸಣ್ಣ ದನಿ, ಅಷ್ಟೇ. ತೋಟದ ದಾರಿಯ ನಾಯಿಗಳಿಗೆ ಮಾತ್ರ ಆ ದನಿ ಇನ್ನೂ ಒಗ್ಗಿಲ್ಲ.

ಈಗ ಎಂಟು ತಿಂಗಳಾಯಿತು. ಬಸ್ಸು ಬರುವುದು ಕಂಡಾಗ ಸೀಟು ಇಳಿಸಿ, ಹ್ಯಾಂಡಲ್ ಕೆಡವಿ, ಕೀಲು ಬಿಡಿಸಿ ಮಲಗಿಸುವಷ್ಟರಲ್ಲಿ ಬಸ್ಸು ಬಂದು ನಿಂತಿರುತ್ತದೆ. ನನ್ನ ಕೈಯೂ ಮೊದಲನೆಯ ಬಗೆಗೆ ಸೇರುತ್ತ ಬಂದಿದೆ, ಕಂಡಕ್ಟರ್ ಜೊತೆ ಮಾತಾಡುತ್ತಲೇ ಮಡಿಚುತ್ತೇನೆ. ಕೀಲಿಗೆ ತಿಂಗಳಿಗೊಮ್ಮೆ ಒಂದು ತೊಟ್ಟು ಎಣ್ಣೆ ಬಿಡುತ್ತೇನೆ, ಟಿಕೆಟ್ಟಿನ ಎಳೆ ಇಟ್ಟು ಎಳೆದು ನೋಡುತ್ತೇನೆ. ಎಣ್ಣೆ ಎಂದೆನಲ್ಲ, ನಮ್ಮ ಕಡೆಯವರಿಗೆ ಒಂದು ಮಾತು ಹೇಳಲೇಬೇಕು: ಹೊಲಿಗೆ ಮಷೀನಿನ ಎಣ್ಣೆ ಬಿಡಿ. ಮನೆಯಲ್ಲಿ ಡಬ್ಬಗಟ್ಟಲೆ ಇದೆ ಎಂದು ಕೊಬ್ಬರಿ ಎಣ್ಣೆ ಬಿಡಬೇಡಿ, ಮಾಗಿಯ ಬೆಳಿಗ್ಗೆ ಅದು ಹೆಪ್ಪುಗಟ್ಟುತ್ತದೆ.